ನಮಗೆ ಅಂದ್ರೆ ಯಾರಿಗೆ ಸ್ವಾಮಿ?

ಮುಂಬೈಯಲ್ಲಿ ಕನ್ನಡದವ್ರ ಯಾವ ಮದುವೆ, ಮುಂಜಿ, ಸಂಘದ ರಾಜ್ಯೋತ್ಸವಕ್ಕೆ ಹೋದ್ರೂ ಊಟದ ಹೊತ್ತಿಗೆ ಪಕ್ಕದಲ್ಲಿ ಕೂತವ್ರು ಯಾರಾದ್ರೂ ಒಬ್ರು ಕೇಳೇ ಕೇಳ್ತಾರೆ, "ಏನ್ರೀ, ನೀವು ಪೋರ್ಟಿನ ಕೆಲಸದವ್ರಲ್ವಾ, ಈ ಅಮೆರಿಕ ಚೀನಾ ಜಗಳದಿಂದ ನಮಗೆ ಲಾಭಾನೋ ನಷ್ಟಾನೋ?" ಅಂತ. ಟಿವಿಯಲ್ಲಿ ಒಬ್ಬ "ಭಾರತಕ್ಕೆ ಸುವರ್ಣಾವಕಾಶ" ಅಂತ ಕೂಗ್ತಿರ್ತಾನೆ, ಇನ್ನೊಬ್ಬ "ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು" ಅಂತಾನೆ, ಪಾಪ ಜನಕ್ಕೆ ಕನ್ಫ್ಯೂಷನ್ ಆಗೋದು ಸಹಜ. ನಾನು ಬಾಯಲ್ಲಿ ಹೋಳಿಗೆ ಇಟ್ಕೊಂಡು "ಎರಡೂ ಇದೆ ಸರ್" ಅಂದು ಜಾರ್ಕೊಳ್ತೀನಿ.

ಜಾರ್ಕೊಳ್ಳೋದು ಯಾಕಂದ್ರೆ ನನ್ನ ತಕರಾರು ಇರೋದು ಆ "ನಮಗೆ" ಅನ್ನೋದ್ರ ಮೇಲೆ, ಅದನ್ನ ಪಾಯಸ ಬರೋದ್ರೊಳಗೆ ಬಿಡಿಸಿ ಹೇಳೋಕಾಗಲ್ಲ. ಅದಕ್ಕೇ ಇಲ್ಲಿ ಬರೀತಿದ್ದೀನಿ, ಸ್ವಲ್ಪ ಉದ್ದ ಆಗುತ್ತೆ, ಟೈಮ್ ಇದ್ದಾಗ ಓದಿ.

ನನ್ನ ಕೆಲಸ ಬೇಲಾಪುರದ ಒಂದು ಕಸ್ಟಮ್ಸ್ ಕ್ಲಿಯರಿಂಗ್ ಆಫೀಸಲ್ಲಿ. ಮುಂಬೈ ಪಕ್ಕದ ನ್ಹಾವಾ ಶೇವಾ ಬಂದರಿಗೆ ಬರೋ ಮಾಲಿಗೆ ಬಿಲ್ ಆಫ್ ಎಂಟ್ರಿ, ಹೋಗೋ ಮಾಲಿಗೆ ಶಿಪ್ಪಿಂಗ್ ಬಿಲ್, ಡ್ಯೂಟಿ ಲೆಕ್ಕ, ಯಾವ ಮಾಲು ಯಾವ ಡ್ಯೂಟಿಗೆ ಸೇರುತ್ತೆ ಅನ್ನೋ ಎಚ್ಎಸ್ ಕೋಡಿನ ಜಗಳ, ಲೈನಿನವ್ರ (ಹಡಗು ಕಂಪನಿಯವ್ರ) ಹತ್ರ ಮಾಲು ಬಿಡೋ ಚೀಟಿ, ಅಂದ್ರೆ ಡಿಓ ತಗೊಳ್ಳೋದು, ಕಂಟೇನರ್ ಇಳಿಸಿಡೋ ಯಾರ್ಡಾದ ಸಿಎಫ್ಎಸ್‌ನಲ್ಲಿ ಎಕ್ಸಾಮಿನೇಷನ್‌ಗೆ ಹುಡುಗನ್ನ ನಿಲ್ಸೋದು, ಇದೇ ದಿನಾ. ಗಿರಾಕಿಗೆ ನಮ್ಮಲ್ಲಿ ಪಾರ್ಟಿ ಅಂತೀವಿ. ಬಾದಾಮಿ ಪಾರ್ಟಿ, ಸ್ಟೀಲ್ ಪಾರ್ಟಿ, ಗಾರ್ಮೆಂಟ್ ಪಾರ್ಟಿ. ವಾಷಿಂಗ್ಟನ್‌ನಲ್ಲೋ ಬೀಜಿಂಗ್‌ನಲ್ಲೋ ಯಾರೋ ಒಂದು ಸಹಿ ಹಾಕಿದ್ರೆ ಒಂದು ಪಾರ್ಟಿ ಪೇಡೆ ಡಬ್ಬಿ ತಂದ್ಕೊಡುತ್ತೆ, ಇನ್ನೊಂದು ಪಾರ್ಟಿ ಫೋನಲ್ಲಿ ಬೈಯುತ್ತೆ, ಎರಡೂ ಒಂದೇ ಮಧ್ಯಾಹ್ನ. ಅದನ್ನ ನೋಡೀ ನೋಡೀ "ದೇಶಕ್ಕೆ ಲಾಭ", "ದೇಶಕ್ಕೆ ನಷ್ಟ" ಅನ್ನೋ ಮಾತು ಕಿವಿಗೆ ಹೋಗೋದೇ ನಿಂತ್ಹೋಗಿದೆ ನನಗೆ.

ಬಾದಾಮಿಯಿಂದ ಶುರು ಮಾಡ್ತೀನಿ, ಅದು ಎಲ್ಲರ ಮನೇಲೂ ಇರೋದು.

2018ರ ಮಾರ್ಚಲ್ಲಿ ಟ್ರಂಪ್ ಹೊರಗಿನ ಉಕ್ಕಿನ ಮೇಲೆ 25%, ಅಲ್ಯೂಮಿನಿಯಂ ಮೇಲೆ 10% ಸುಂಕ ಹಾಕಿದ್ರಲ್ಲ, ಅದಕ್ಕೆ ಚೀನಾ ಏಪ್ರಿಲಲ್ಲಿ ಅಮೆರಿಕದ ಹಣ್ಣು, ಒಣಹಣ್ಣು, ಬೀಜಗಳ ಮೇಲೆ 15% ಏರಿಸ್ತು, ಜುಲೈಯಲ್ಲಿ ಅಮೆರಿಕ ಚೀನಾ ಮಾಲಿನ ಮೇಲೆ ಬೇರೆ ಸುಂಕ ಹಾಕಿದ್ದಕ್ಕೆ ಇನ್ನೊಂದು 25%. ಮೊದ್ಲು 10% ಇದ್ದ ಕ್ಯಾಲಿಫೋರ್ನಿಯಾ ಬಾದಾಮಿ ಸುಂಕ ನೋಡ್ತಾ ನೋಡ್ತಾ 50% ಆಯ್ತು. ಆಸ್ಟ್ರೇಲಿಯಾಗೆ ಚೀನಾ ಜೊತೆ 2015ರಿಂದಾನೇ ಫ್ರೀ ಟ್ರೇಡ್ ಒಪ್ಪಂದ ಇತ್ತು, ಅವ್ರ ಬಾದಾಮಿ ಆ ಕಡೆ ಓಡ್ತು. ಕ್ಯಾಲಿಫೋರ್ನಿಯಾದವ್ರು ಮಾಲನ್ನ ಎಲ್ಲಿ ಮಾರ್ಬೇಕು? ಅವ್ರ ಅತಿ ದೊಡ್ಡ ಹೊರಗಿನ ಗಿರಾಕಿ ಇಂಡಿಯಾ. ವಾಶಿ ಎಪಿಎಂಸಿಯ ಮಸಾಲಾ ಮಾರ್ಕೆಟ್ಟಿಗೆ ಹೋಗಿದ್ದೀರಾದ್ರೆ ಗೊತ್ತಿರುತ್ತೆ, ಸಾಲಾಗಿ ಗಾಳಾಗಳು, ಅಂದ್ರೆ ಸಗಟು ಮಳಿಗೆಗಳು, ಒಳಗೆ ಬಿಳಿ ಗಾದಿ ಮೇಲೆ ಸೇಟು, ಹೊರಗೆ ಮಾಥಾಡಿ ಕಾರ್ಮಿಕರು ಬೆನ್ನ ಮೇಲೆ ಚೀಲ ಹೊತ್ಕೊಂಡು ಓಡ್ತಿರ್ತಾರೆ. ನಮ್ಮ ಬಾದಾಮಿ ಪಾರ್ಟಿ ಗಾಳಾ ಅಲ್ಲೇ. ಚೀನಾಗೆ ಹೋಗ್ಬೇಕಾಗಿದ್ದ ಮಾಲಿಗೆ ಗಿರಾಕಿ ಹುಡುಕ್ತಾ ಅಲ್ಲಿನವ್ರು ಆಫರ್ ಮೇಲೆ ಆಫರ್ ಕಳಿಸೋರು, ಸೇಟು ಮುಖ ಆವಾಗ ಅರಳಿತ್ತು.

ಇಲ್ಲಿ ಒಂದು ಸೂಕ್ಷ್ಮ ಇದೆ, ನಮ್ಮ ಕಸುಬಿನವ್ರಿಗೆ ಬಿಟ್ರೆ ಬೇರೆಯವ್ರಿಗೆ ತಲೆನೋವು, ಆದ್ರೂ ಹೇಳ್ತೀನಿ. ಬಾದಾಮಿಗೆ ನಮ್ಮಲ್ಲಿ ಡ್ಯೂಟಿ ಶೇಕಡಾ ಲೆಕ್ಕ ಅಲ್ಲ, ಕಿಲೋ ಲೆಕ್ಕ. ಆಗ ಸಿಪ್ಪೆ ಸಮೇತ ಬಂದ್ರೆ ಕಿಲೋಗೆ 35 ರೂಪಾಯಿ, ಬಿಡಿಸಿದ ತಿರುಳಾದ್ರೆ 100 ರೂಪಾಯಿ. ಅದಕ್ಕೇ ಜಾಸ್ತಿ ಮಾಲು ಸಿಪ್ಪೆ ಸಮೇತ ಬರುತ್ತೆ, 50 ಪೌಂಡಿನ ಚೀಲ, ಇನ್ವಾಯ್ಸಲ್ಲಿ 22.68 ಕೆಜಿ ಅಂತ ವಿಚಿತ್ರ ದಶಾಂಶ, ಇಲ್ಲಿ ಬಂದ ಮೇಲೆ ಒಡೆಯೋ ಕೆಲಸ ಇಲ್ಲಿನ ಕೈಗಳಿಗೆ. ಕಿಲೋ ಲೆಕ್ಕ ಅಂದ್ರೆ ಅಲ್ಲಿ ರೇಟು ಬಿದ್ರೂ ಇಲ್ಲಿ ಸರ್ಕಾರಕ್ಕೆ ಕಟ್ಟೋದು ಅಷ್ಟೇ. ಹಾಗಾಗಿ ಚೀನಾ ಜಗಳದಲ್ಲಿ ಸಿಕ್ಕ ಲಾಭ ಅಂಗಡೀಲಿ ಕಾಲು ಕಿಲೋ ಬಾದಾಮಿ ತಗೊಳ್ಳೋ ಹೊತ್ತಿಗೆ ಎಷ್ಟು ಉಳಿದಿತ್ತೋ ದೇವ್ರಿಗೇ ಗೊತ್ತು. ನಮ್ಮನೆಯವಳಂತೂ ರೇಟು ಇಳಿದಿದ್ದನ್ನ ನೋಡಿದ್ದೇ ಇಲ್ಲ ಅಂತಾಳೆ.

ಆಮೇಲೆ 2019ರ ಜೂನ್. ಜೂನ್ 5ಕ್ಕೆ ಅಮೆರಿಕ ನಮಗೆ ಕೊಟ್ಟಿದ್ದ ಜಿಎಸ್‌ಪಿ ರಿಯಾಯಿತಿ, ಅಂದ್ರೆ ಕೆಲವು ಮಾಲನ್ನ ಸುಂಕ ಇಲ್ಲದೆ ಒಳಗೆ ಬಿಡೋ ಸೌಲಭ್ಯ, ಕಿತ್ಕೊಳ್ತು, ಜೂನ್ 16ಕ್ಕೆ ನಾವು ಅವ್ರ 28 ವಸ್ತುಗಳ ಮೇಲೆ ಎಕ್ಸ್‌ಟ್ರಾ ಡ್ಯೂಟಿ ಹಾಕಿದ್ವಿ. ನಿಜಕ್ಕೂ ಅದು ಹಿಂದಿನ ವರ್ಷದ ಉಕ್ಕು ಅಲ್ಯೂಮಿನಿಯಂ ಸುಂಕಕ್ಕೆ ಕೊಡ್ಬೇಕಾಗಿದ್ದ ಉತ್ತರ, ಮುಂದಕ್ಕೆ ಮುಂದಕ್ಕೆ ಹಾಕ್ತಾ ಇದ್ರು. ಸಿಪ್ಪೆ ಬಾದಾಮಿ 35ರಿಂದ 42, ತಿರುಳು 100ರಿಂದ 120, ಅಖರೋಟಿಗೆ 100% ಇದ್ದಿದ್ದು 120%, ಸೇಬಿಗೆ 50% ಇದ್ದಿದ್ದು 70%. ಅಂದ್ರೆ ಉಕ್ಕಿನ ಜಗಳದ ದಂಡ ಬಾದಾಮಿ ಕಟ್ಟಿತು. ವರ್ಷದ ಹಿಂದೆ ಪೇಡೆ ತಂದಿದ್ದ ಅದೇ ಸೇಟು ನಮ್ಮ ಆಫೀಸಿಗೆ ಬಂದು ಕೂತು, ಒಂದು ಕಂಟೇನರಿಗೆ ಲಕ್ಷದ ಮೇಲೆ ಎಕ್ಸ್‌ಟ್ರಾ ಹೋಗ್ತಿದೆ, ನಾನು ಯಾವತ್ತಾದ್ರೂ ಜೀವನದಲ್ಲಿ ಒಂದು ಕಬ್ಬಿಣದ ಸರಳು ಮುಟ್ಟಿದ್ದೀನಾ ಅಂತ ಕೇಳಿದ. ಇದಕ್ಕೆ ಯಾರು ಏನಂತ ಉತ್ತರ ಕೊಡೋದು.

ಸೇಬಿನದ್ದು ಇನ್ನೂ ಮಜಾ. ವಾಷಿಂಗ್ಟನ್ ಸೇಬು ದುಬಾರಿ ಆಗಿ ಕಮ್ಮಿ ಆಯ್ತು, ಆ ಜಾಗಕ್ಕೆ ಟರ್ಕಿ, ಇರಾನ್, ಇಟಲಿ ಸೇಬು ಬಂದು ಕೂತವು. ಹಿಮಾಚಲದ ಬೆಳೆಗಾರರಿಗೆ ಅಮೆರಿಕದ ಸೇಬಿಗಿಂತ ಅಗ್ಗದ ಇರಾನ್ ಸೇಬೇ ದೊಡ್ಡ ತಲೆನೋವಾಯ್ತು. 2023ರ ಸೆಪ್ಟೆಂಬರಲ್ಲಿ ಆ ಎಕ್ಸ್‌ಟ್ರಾ ಡ್ಯೂಟಿ ತೆಗೆದ್ರು, ಆಮೇಲೆ 2025ರ ಮೇ ತಿಂಗಳಲ್ಲಿ ಟರ್ಕಿ ಪಾಕಿಸ್ತಾನದ ಪರ ನಿಂತಿದೆ ಅಂತ ಪುಣೆ ಮಾರ್ಕೆಟ್ಟಿನ ವ್ಯಾಪಾರಿಗಳು ಟರ್ಕಿ ಸೇಬು ಬೇಡ ಅಂತ ಬಹಿಷ್ಕಾರ ಹಾಕಿದ್ರು. ಜಗಳ ಯಾರದ್ದಾದ್ರೂ ಇರ್ಲಿ, ಕೊನೆಗೆ ಪೆಟ್ಟು ತಿನ್ನೋದು ಸೇಬು ಅನ್ನೋ ಹಾಗಾಗಿದೆ.

ಈಗ ಸ್ಟೀಲ್. ಇದರಲ್ಲಿ ನಮ್ಮ ಮನೆ ಜಗಳಾನೂ ಸೇರಿದೆ.

ನಮ್ಮ ಭಾವ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಕಡೆ ಕೆಲಸದಲ್ಲಿದ್ದಾರೆ, ಬಳ್ಳಾರಿ ಜಿಲ್ಲೆ. ನನ್ನ ಪಾರ್ಟಿಗಳಲ್ಲಿ ಒಂದೆರಡು ಕಳಂಬೋಲಿ ಸ್ಟೀಲ್ ಮಾರ್ಕೆಟ್ಟಿನವು, ಹೊರಗಿನಿಂದ ಕಾಯಿಲ್ (ಸುರುಳಿ ಸುತ್ತಿದ ಉಕ್ಕಿನ ಹಾಳೆ) ತರಿಸಿ ಕಟ್ ಮಾಡಿ ತಳೋಜಾ, ಭೋಸರಿ, ಚಾಕಣ್ ಕಡೆಯ ಸಣ್ಣ ಫ್ಯಾಕ್ಟರಿಗಳಿಗೆ ಮಾರೋರು. ಅಮೆರಿಕ ತನ್ನ ಬಾಗಿಲು ಹಾಕಿದ್ರೆ ಜಗತ್ತಿನ ಉಕ್ಕು ಕರಗಿ ಮಾಯ ಆಗಲ್ವಲ್ಲ. ನಮ್ಮ ತುಂಗಭದ್ರಾ ಎಡದಂಡೆ ಕಡೆಯವ್ರಿಗೆ ಹೇಳಬೇಕಿಲ್ಲ, ಮೇಲಿನವ್ರು ತೂಬು ಮುಚ್ಚಿದ್ರೆ ಆ ನೀರು ಪಕ್ಕದವನ ಗದ್ದೆಗೆ ನುಗ್ಗುತ್ತೆ, ಅವನಿಗೆ ಬೇಕಾಗಿತ್ತೋ ಬೇಡವಾಗಿತ್ತೋ ಯಾರೂ ಕೇಳಲ್ಲ. 2018ರಲ್ಲಿ ಕೊರಿಯಾದವ್ರು ಅಮೆರಿಕ ಜೊತೆ ರಾಜಿ ಮಾಡ್ಕೊಂಡು, ಹಿಂದಿನ ಮೂರು ವರ್ಷದ ಸರಾಸರಿಯಲ್ಲಿ 70% ಮಾತ್ರ ಕಳಿಸ್ತೀವಿ ಅಂತ ಕೋಟಾ ಒಪ್ಕೊಂಡ್ರು, ಆದ್ರೆ ಕೊರಿಯಾ, ಜಪಾನ್ ಉಕ್ಕಿಗೆ ನಮ್ಮಲ್ಲಿ ಒಪ್ಪಂದದ ಪ್ರಕಾರ ಡ್ಯೂಟಿ ಸೊನ್ನೆ. ಜೊತೆಗೆ ಚೀನಾದಲ್ಲಿ ಮನೆ ಕಟ್ಟೋ ವ್ಯಾಪಾರ ಕುಸಿದು ಅಲ್ಲಿನ ಉಕ್ಕಿಗೆ ಒಳಗೆ ಗಿರಾಕಿ ಇಲ್ಲ, 2024ರಲ್ಲಿ ಚೀನಾ ಹೊರಗೆ ಕಳಿಸಿದ್ದು 11 ಕೋಟಿ ಟನ್ನಿಗಿಂತ ಮೇಲೆ. ಉಕ್ಕು ಮಾಡೋದ್ರಲ್ಲಿ ಜಗತ್ತಿಗೇ ಎರಡನೇ ಸ್ಥಾನದಲ್ಲಿರೋ ನಮ್ಮ ದೇಶ ಕಳಿಸೋದಕ್ಕಿಂತ ತರಿಸೋದೇ ಜಾಸ್ತಿ ಆಗೋ ಪರಿಸ್ಥಿತಿ ಬಂತು.

ಭಾವ ಫೋನ್ ಮಾಡಿದಾಗೆಲ್ಲ ಅದೇ ರಾಗ. "ಏನಪ್ಪಾ, ನೀವು ಬಂದರಿನಾಗ ಬಾಗಲಾ ತೆಗದು ಕುಂತೀರಿ, ಬಂದದ್ದೆಲ್ಲಾ ಒಳಗ ಬಿಡ್ತೀರಿ, ನಮ್ಮ ಮಾಲ್ ಯಾರು ತಗೋಬೇಕು?" ನಾನಂತೀನಿ, "ಭಾವ, ನಾನು ಬಿಡೋದಲ್ಲ, ಕಾಗದ ಸರಿ ಇದ್ರೆ ಕಸ್ಟಮ್ಸ್‌ನವ್ರು ಬಿಡ್ತಾರೆ. ಅದೂ ಅಲ್ದೆ ನಿಮ್ಮ ಮಾಲು ಟನ್ನಿಗೆ ಇಷ್ಟು ಜಾಸ್ತಿ ಆದ್ರೆ ಭೋಸರಿಯ ಬ್ರಾಕೆಟ್ ಮಾಡೋನು ಬದುಕೋದು ಹ್ಯಾಂಗ?" ಆವಾಗ ಅವ್ರು, "ಅವನಿಗೇನು, ನಾಳೆ ಚೀನಾದವ್ರು ರೇಟ್ ಏರಿಸಿದ್ರ ನಮ್ಮ ಕಡೀಗೇ ಓಡಿ ಬರ್ತಾನ, ಅಷ್ಟೊತ್ತಿಗೆ ನಾವು ಇರಬೇಕಲ್ಲ" ಅಂತಾರೆ. ಇಬ್ರ ಮಾತೂ ಸರಿ, ಅದೇ ಕಷ್ಟ. 2025ರ ಏಪ್ರಿಲ್ 21ಕ್ಕೆ ಸರ್ಕಾರ ಚಪ್ಪಟೆ ಉಕ್ಕಿನ ಮೇಲೆ 12% ಸೇಫ್‌ಗಾರ್ಡ್ ಡ್ಯೂಟಿ, ಅಂದ್ರೆ ಇಲ್ಲಿನ ಕಾರ್ಖಾನೆ ಉಳಿಸೋಕೆ ಹಾಕೋ ತಾತ್ಕಾಲಿಕ ಸುಂಕ, ಹಾಕ್ತು, ಮೊದಲು 200 ದಿನಕ್ಕೆ. ಆ ದಿನ ಭಾವ ಖುಷಿಯಿಂದ ಫೋನ್ ಮಾಡಿದ್ರು, ಕಳಂಬೋಲಿ ಪಾರ್ಟಿ ಹಡಗಲ್ಲಿರೋ ಮಾಲಿಗೂ ಇದು ಬೀಳುತ್ತಾ ಅಂತ ಗಂಟೆಗೊಂದ್ಸಲ ಫೋನ್. ಯಾವ "ನಮಗೆ" ಲಾಭ ಅಂತ ಹೇಳ್ಲಿ? ನನ್ನ ಕೇಳಿದ್ರೆ ಉಕ್ಕಿನ ವಿಷಯದಲ್ಲಿ ಭಾವನ ಕಡೆಗೇ ಸ್ವಲ್ಪ ವಾಲ್ತೀನಿ, ಆದ್ರೆ ಆ 12% ಕೊನೆಗೆ ಕಟ್ಟೋದು ದೊಡ್ಡ ಕಾರ್ ಕಂಪನಿ ಅಲ್ಲ, ಅದಕ್ಕೆ ಬಿಡಿಭಾಗ ಮಾಡ್ಕೊಡೋ ಹತ್ತು ಜನದ ವರ್ಕ್‌ಶಾಪು, ಯಾಕಂದ್ರೆ ದೊಡ್ಡವ್ರು ರೇಟ್ ಏರಿಸೋಕೆ ಬಿಡಲ್ಲ. ಇದನ್ನ ಭಾವನಿಗೆ ಹೇಳಿದ್ರೆ ಅವ್ರು ಮಾತು ಬದಲಿಸಿ ಊರಲ್ಲಿ ಮಳೆ ಆಯ್ತು ಅಂತಾರೆ.

2025ರ ಆಗಸ್ಟ್ ಬಗ್ಗೆ ಹೇಳದಿದ್ರೆ ಈ ಬರಹಕ್ಕೆ ಅರ್ಥ ಇಲ್ಲ.

ಏಪ್ರಿಲ್ 2ಕ್ಕೆ ಟ್ರಂಪ್ ಯಾವ ದೇಶಕ್ಕೆ ಎಷ್ಟು ಸುಂಕ ಅಂತ ಬರೆದ ಬೋರ್ಡ್ ಹಿಡ್ಕೊಂಡು ನಿಂತಾಗ ಅದರಲ್ಲಿ ನಮಗೆ 26%, ವಿಯೆಟ್ನಾಂಗೆ 46%, ಬಾಂಗ್ಲಾದೇಶಕ್ಕೆ 37%, ಶ್ರೀಲಂಕಾಗೆ 44%. ಗಾರ್ಮೆಂಟ್ ಪಾರ್ಟಿಗಳೆಲ್ಲ ಒಳಗೊಳಗೇ ನಕ್ಕವು, ಪಕ್ಕದವ್ರಿಗಿಂತ ನಮ್ದು ಕಮ್ಮಿ, ಆರ್ಡರ್ ಎಲ್ಲ ಇಲ್ಲಿಗೇ ಬರುತ್ತೆ ಅಂತ. ಒಂದು ವಾರದಲ್ಲಿ ಅದಕ್ಕೆ 90 ದಿನದ ವಿರಾಮ ಕೊಟ್ರು, ಚೀನಾಗೆ ಮಾತ್ರ ಏರಿಸ್ತಾ ಏರಿಸ್ತಾ 145% ಮಾಡಿದ್ರು, ಚೀನಾ ತಿರುಗಿ 125% ಹಾಕ್ತು. ನಮ್ಮವ್ರ ನಗು ಇನ್ನೂ ದೊಡ್ಡದಾಯ್ತು. ಆಗಸ್ಟ್ ಹೊತ್ತಿಗೆ ಚೀನಾ ಜಿನೀವಾದಲ್ಲಿ ಕೂತು ಮಾತಾಡಿ 30%ಗೆ ಇಳಿಸ್ಕೊಂಡಿತ್ತು, ವಿಯೆಟ್ನಾಂ 20%, ಬಾಂಗ್ಲಾ 20%, ಶ್ರೀಲಂಕಾ 20%, ಪಾಕಿಸ್ತಾನ 19%, ನಮಗೆ ಆಗಸ್ಟ್ 7ರಿಂದ 25%, ರಷ್ಯಾ ಎಣ್ಣೆ ತಗೊಳ್ತೀರಿ ಅಂತ ಆಗಸ್ಟ್ 27ರಿಂದ ಇನ್ನೊಂದು 25%. ಒಟ್ಟು ಐವತ್ತು. ರಷ್ಯಾ ಎಣ್ಣೆ ನಮಗಿಂತ ಜಾಸ್ತಿ ತಗೊಳ್ಳೋ ಚೀನಾಗೆ ಆ ದಂಡ ಇರ್ಲಿಲ್ಲ! ಜಗಳ ಯಾರ್ಯಾರದ್ದೋ, ರಷ್ಯಾ ಉಕ್ರೇನ್, ಅಮೆರಿಕ ರಷ್ಯಾ, ದಂಡ ಕಟ್ಟಿದ್ದು ತಿರುಪ್ಪೂರಿನ ಬನಿಯನ್ನು, ಆಂಧ್ರದ ಸಿಗಡಿ, ಅಂಧೇರಿಯ ಉಂಗುರ.

ಆಗಸ್ಟ್ 27 ಯಾವ ದಿನ ಗೊತ್ತಲ್ಲ, ಗಣೇಶ ಚೌತಿ. ಅಮೆರಿಕದ ಟೈಮ್ ರಾತ್ರಿ 12 ಗಂಟೆ 1 ನಿಮಿಷ ಅಂದ್ರೆ ಇಲ್ಲಿ ಬೆಳಗ್ಗೆ 9:31, ಅರ್ಧ ಮುಂಬೈ ಗಣಪತಿನ ಮನೆಗೆ ತರ್ತಿರೋ ಹೊತ್ತು. ಹಿಂದಿನ ವಾರ ಭಯಂಕರ ಮಳೆ ಬಂದು ಲೋಕಲ್ ಟ್ರೇನೇ ನಿಂತ್ಹೋಗಿತ್ತು, ಲಾರಿಗಳು ರಸ್ತೇಲಿ ಸಿಕ್ಕಾಕ್ಕೊಂಡಿದ್ವು. ಅದರ ಮಧ್ಯೆ ಒಂದು ಗಾರ್ಮೆಂಟ್ ಪಾರ್ಟಿ ಹೇಗಾದ್ರೂ ಮಾಡಿ 27ರೊಳಗೆ ಮಾಲು ಹಡಗು ಹತ್ತಲೇಬೇಕು ಅಂತ ಕೂತ್ಬಿಟ್ಟ. ಗೇಟ್ ಕಟ್‌ಆಫ್ ಒಳಗೆ ಕಂಟೇನರ್ ಒಳಗೆ ಹೋಗ್ಬೇಕು, ಕಸ್ಟಮ್ಸ್ ಅನುಮತಿ (ಎಲ್‌ಇಓ) ಆಗ್ಬೇಕು, ಹಡಗಿನವ್ರು ಕೊಡೋ ಬಿಎಲ್ ಅನ್ನೋ ರಸೀದಿ ಮೇಲೆ ಆನ್‌ಬೋರ್ಡ್ ಡೇಟ್ 26 ಇರ್ಬೇಕು. ಕೊನೆಗೆ ಬ್ಯಾಕ್‌ಡೇಟ್ ಬಿಎಲ್ ಕೊಡಿಸಿ ಅಂತಾನೂ ಕೇಳಿದ, ಲೈನಿನವ್ರು ಕೈ ಮುಗಿದ್ರು. ಆಗಸ್ಟ್ 7ರ ಮೊದಲ 25% ಬಂದಾಗ ಅದಕ್ಕಿಂತ ಮುಂಚೆ ಹಡಗು ಹತ್ತಿದ ಮಾಲು ಅಕ್ಟೋಬರ್ 5ರೊಳಗೆ ಅಲ್ಲಿ ಕ್ಲಿಯರ್ ಆದ್ರೆ ಬಿಟ್ಟಿದ್ರು, ಈ ಸಲಾನೂ ಹಾಗೇ ಅಂದ್ಕೊಂಡಿದ್ದ ಅವನು. ನಮ್ಮ ಆಫೀಸಿನ ಡಾಕ್ಯುಮೆಂಟೇಷನ್ ಹುಡುಗಿ, ಸಾಂಗ್ಲಿ ಕಡೆಯವಳು, ಅಮೆರಿಕದ ನೋಟಿಸಿನ ಎರಡನೇ ಸಾಲು ಜೋರಾಗಿ ಓದಿದ್ಲು: ಸೆಪ್ಟೆಂಬರ್ 17ರೊಳಗೆ ಅಲ್ಲಿ ಎಂಟ್ರಿ ಆಗಿರ್ಬೇಕು. ಮೂರು ವಾರ. ಕೆಂಪು ಸಮುದ್ರದಲ್ಲಿ ಹಡಗಿನ ಮೇಲೆ ದಾಳಿ ಶುರು ಆದ್ಮೇಲೆ ಜಾಸ್ತಿ ಲೈನುಗಳು ಆಫ್ರಿಕಾ ಸುತ್ತಿ ಹೋಗ್ತಿದ್ವು, ನ್ಯೂಯಾರ್ಕಿಗೆ ಒಂದು ತಿಂಗಳ ಮೇಲೇನೇ ಬೇಕಿತ್ತು. ಅಂದ್ರೆ 26ಕ್ಕೆ ಹತ್ತಿದ್ರೂ ಒಂದೇ, 28ಕ್ಕೆ ಹತ್ತಿದ್ರೂ ಒಂದೇ. ಪಾರ್ಟಿ ಸ್ವಲ್ಪ ಹೊತ್ತು ಏನೂ ಮಾತಾಡ್ಲಿಲ್ಲ, ಆಮೇಲೆ ಅಲ್ಲಿನ ಬಯ್ಯರ್‌ಗೆ ಫೋನ್ ಹಚ್ಚಿದ. ಬಯ್ಯರ್ ಹೇಳಿದ್ದು ಇಷ್ಟೇ, ಮಾಲು ಕಳಿಸು, ಆದ್ರೆ ರೇಟಲ್ಲಿ ಡಿಸ್ಕೌಂಟ್ ಬೇಕು.

ಟ್ಯಾರಿಫ್ ಯಾರು ಕಟ್ತಾರೆ ಅಂತ ಟಿವಿಯಲ್ಲಿ ದೊಡ್ಡ ಚರ್ಚೆ ಆಗುತ್ತಲ್ಲ, ಕಾಗದದ ಪ್ರಕಾರ ಅಲ್ಲಿನ ಇಂಪೋರ್ಟರೇ ಕಟ್ಟೋದು. ಆದ್ರೆ ಅವನು ಇಲ್ಲಿಂದ ಡಿಸ್ಕೌಂಟ್ ಕೇಳ್ತಾನೆ, ಇಲ್ಲಿಯವ್ನು ಬಟ್ಟೆ ಕೊಡೋನ ಪೇಮೆಂಟ್ ತಡ ಮಾಡ್ತಾನೆ, ಬಟ್ಟೆಯವ್ನು ನೇಯೋರ ಓಟಿ (ಓವರ್‌ಟೈಮ್) ನಿಲ್ಲಿಸ್ತಾನೆ.

ಓಟಿ ಅಂದ ಕೂಡ್ಲೇ ನಮ್ಮ ಬಿಲ್ಡಿಂಗಿನ ಅಕ್ಕ ನೆನಪಾಗ್ತಾರೆ. ಕಲಬುರಗಿ ಕಡೆಯವ್ರು, ರಫ್ತು ಫ್ಯಾಕ್ಟರಿಗಳ ವಲಯವಾದ ಸೀಪ್ಝ್‌ನಲ್ಲಿ ಒಂದು ಆಭರಣದ ಯೂನಿಟ್ಟಲ್ಲಿ ವ್ಯಾಕ್ಸ್ ಸೆಟ್ಟಿಂಗ್ ಡಿಪಾರ್ಟ್‌ಮೆಂಟ್. ಅಂಧೇರಿಯ ಸೀಪ್ಝ್ 1973ರಲ್ಲಿ ಎಲೆಕ್ಟ್ರಾನಿಕ್ಸ್‌ಗೆ ಅಂತ ಶುರು ಆಗಿದ್ದು, ಈಗ ಅಲ್ಲಿ ಚಿನ್ನ ವಜ್ರದ ಆಭರಣದ್ದೇ ದರ್ಬಾರು, ಅದರಲ್ಲಿ ಬಹುಪಾಲು ಅಮೆರಿಕದ ಅಂಗಡಿಗಳಿಗೆ. ಅಕ್ಕ ಡೊಂಬಿವಲಿಯಿಂದ ಬೆಳಗ್ಗೆ ಫಾಸ್ಟ್ ಲೋಕಲ್ ಹಿಡಿದು ಘಾಟ್ಕೋಪರ್‌ನಲ್ಲಿ ಇಳಿದು ಮೆಟ್ರೋ ಹತ್ತೋದು. ಅವ್ರ ಕೆಲಸ ಏನಂದ್ರೆ, ಉಂಗುರದ ಮೇಣದ ಅಚ್ಚಲ್ಲಿ, ಮೈಕ್ರೋಸ್ಕೋಪ್ ಕೆಳಗೆ, ಸಾಸಿವೆಗಿಂತ ಚಿಕ್ಕ ವಜ್ರಗಳನ್ನ ಒಂದೊಂದಾಗಿ ಕೂರಿಸೋದು, ಆಮೇಲೆ ಆ ಮೇಣ ಕರಗಿ ಹೋಗಿ ಅದೇ ಜಾಗಕ್ಕೆ ಚಿನ್ನ ಬರುತ್ತೆ, ವಜ್ರ ಅಲ್ಲೇ ಉಳಿಯುತ್ತೆ. ಒಂದು ಹರಳು ಸೊಟ್ಟ ಕೂತ್ರೆ ಇಡೀ ಪೀಸ್ ರಿಜೆಕ್ಟ್. ಆಗಸ್ಟ್‌ವರೆಗೆ ಹಗಲು ರಾತ್ರಿ ಓಟಿ ಇತ್ತಂತೆ, ಡೆಡ್‌ಲೈನ್ ಒಳಗೆ ಪ್ಲೇನಲ್ಲಿ ಮಾಲು ಕಳಿಸ್ಬೇಕು ಅಂತ ಕ್ರಿಸ್‌ಮಸ್ ಆರ್ಡರನ್ನೂ ಮುಂಚೇನೇ ಮಾಡಿಸಿದ್ರು. ಅಕ್ಕ ಆ ದುಡ್ಡಲ್ಲಿ ಮಗಳಿಗೆ ಲ್ಯಾಪ್‌ಟಾಪ್ ತಗೊಂಡ್ರು, ನಮ್ಮನೆಗೆ ಕಡುಬು ಕೊಡೋಕೆ ಬಂದಾಗ ಹೇಳಿದ್ರು. ಚೌತಿ ಮುಗಿದ್ಮೇಲೆ ಓಟಿ ಬಂದ್, ದಸರಾ ಹೊತ್ತಿಗೆ ವಾರದಲ್ಲಿ ಎರಡು ದಿನ ಬರಬೇಡಿ ಅಂದ್ರು. ಅವ್ರ ಸೇಟು ದುಬೈಯಲ್ಲಿ ಜಾಗ ನೋಡ್ತಿದ್ದಾನಂತೆ, ಅಲ್ಲಿಗೆ ಆಗ ಹತ್ತೇ ಪರ್ಸೆಂಟ್. "ಸೇಟು ದುಬೈಗೆ ಹೋಗ್ತಾನ್ರೀ ಅಣ್ಣಾ, ನಾ ಹೋಗಾಕ ಆಗ್ತದೇನು?" ಅಂದ್ರು ಅಕ್ಕ. ನಷ್ಟ ಅಂದ್ರೆ ದೇಶದ ಲೆಕ್ಕದಲ್ಲಿ ಒಂದು ದಶಾಂಶ, ಅವ್ರ ಲೆಕ್ಕದಲ್ಲಿ ಲ್ಯಾಪ್‌ಟಾಪಿನ ಉಳಿದ ಕಂತು.

ಇಲ್ಲಿ ನನಗೆ ಹೊಳೆದ ಒಂದು ವಿಷಯ ಇದೆ, ಯಾರಾದ್ರೂ ಮೊದ್ಲೇ ಹೇಳಿರಬಹುದು, ಆದ್ರೂ ಹೇಳ್ತೀನಿ. ಆ 50% ಪಟ್ಟೀಲಿ ಏನಿತ್ತು ಅನ್ನೋದಕ್ಕಿಂತ ಏನಿರ್ಲಿಲ್ಲ ಅಂತ ನೋಡಿ. ಔಷಧಿ ಇರ್ಲಿಲ್ಲ, ಯಾಕಂದ್ರೆ ಅಮೆರಿಕದ ಮುದುಕರು ನುಂಗೋ ಬಿಪಿ ಶುಗರ್ ಮಾತ್ರೆ ನಮ್ಮವು. ಸ್ಮಾರ್ಟ್‌ಫೋನ್ ಇರ್ಲಿಲ್ಲ, ಯಾಕಂದ್ರೆ ಐಫೋನ್ ಇಲ್ಲೇ ಜೋಡಿಸ್ತಾರೆ, ನಮ್ಮ ದೇವನಹಳ್ಳಿಯಲ್ಲೂ ಸೇರಿ. ಸಿಗಡಿ ಇತ್ತು, ಯಾಕಂದ್ರೆ ಈಕ್ವೆಡಾರ್‌ನವ್ರು 15%ರಲ್ಲಿ ಕೊಡೋಕೆ ತಯಾರಾಗಿದ್ರು. ಉಂಗುರ ಇತ್ತು, ಬನಿಯನ್ ಇತ್ತು, ಭದೋಹಿಯ ಕಾರ್ಪೆಟ್ ಇತ್ತು. ಬ್ರೆಜಿಲ್‌ಗೂ 50% ಹಾಕಿದ್ರು, ಆದ್ರೆ ಕಿತ್ತಳೆ ಜ್ಯೂಸು, ವಿಮಾನ ಬಿಟ್ರು. ಕಾಫಿ ಬಿಟ್ಟಿರ್ಲಿಲ್ಲ, ಅಲ್ಲಿ ಕಾಫಿ ರೇಟು ಏರಿ ಜನ ಬೈಯೋಕೆ ಶುರು ಮಾಡಿದ್ಮೇಲೆ ನವೆಂಬರಲ್ಲಿ ಕಾಫಿ, ಟೀ, ಮಸಾಲೆ, ಬಾಳೆಹಣ್ಣನ್ನ ಪ್ರತಿಸುಂಕದ (ಏಪ್ರಿಲ್ 2ರ ಬೋರ್ಡಿನ ಸುಂಕದ) ಪಟ್ಟಿಯಿಂದ ಹೊರಗೆ ತೆಗೆದ್ರು. ಅವರಿಗೆ ಬೇರೆ ಕಡೆ ಸಿಗಲ್ವೋ ಅದಕ್ಕೆ ಮಾಫಿ, ಬೇರೆ ಕಡೆ ಸಿಗುತ್ತೋ ಅದಕ್ಕೆ ಬರೆ. ಸ್ನೇಹ, ಅಪ್ಪುಗೆ, ಸ್ಟೇಡಿಯಂ ತುಂಬಾ ಜನ, ಇದ್ಯಾವುದೂ ಆ ಪಟ್ಟಿ ಮಾಡೋವಾಗ ಲೆಕ್ಕಕ್ಕೆ ಬಂದಿಲ್ಲ.

ಚೀನಾ ಇದನ್ನ ಚೆನ್ನಾಗಿ ಅರ್ಥ ಮಾಡ್ಕೊಂಡಿತ್ತು. 2025ರ ಏಪ್ರಿಲ್ 4ಕ್ಕೆ ಏಳು ಅಪರೂಪದ ಖನಿಜ, ಅದರಿಂದ ಮಾಡೋ ಮ್ಯಾಗ್ನೆಟ್ ಹೊರಗೆ ಕಳಿಸ್ಬೇಕಾದ್ರೆ ಲೈಸೆನ್ಸ್ ಬೇಕು ಅಂತು. ಬಾಣ ಬಿಟ್ಟಿದ್ದು ಅಮೆರಿಕಕ್ಕೆ, ನಾಟಿದ್ದು ನಮ್ಮ ಪುಣೆಗೂ. ಎಲೆಕ್ಟ್ರಿಕ್ ಗಾಡಿಯ ಮೋಟಾರಿಗೆ ಆ ಮ್ಯಾಗ್ನೆಟ್ಟೇ ಪ್ರಾಣ. ಜುಲೈ ಹೊತ್ತಿಗೆ ಬಜಾಜ್‌ನವ್ರು ಚೇತಕ್ ಎಲೆಕ್ಟ್ರಿಕ್ ಸ್ಕೂಟರ್ ತಯಾರಿ ಕಡಿಮೆ ಮಾಡ್ಬೇಕಾಯ್ತು. ನಮ್ಮ ಒಂದು ಬಿಡಿಭಾಗದ ಪಾರ್ಟಿ ಎಂಡ್ ಯೂಸರ್ ಸರ್ಟಿಫಿಕೇಟಿಗೆ ಅಂತ ಅಲೆದ ಅಲೆತ ಹೇಳೋಕಾಗಲ್ಲ: ಈ ಮ್ಯಾಗ್ನೆಟ್ಟನ್ನ ಯುದ್ಧದ ಸಾಮಾನಿಗೆ ಬಳಸಲ್ಲ ಅಂತ ಬರ್ಕೊಡು, ಅದಕ್ಕೆ ಇಲ್ಲಿ ಸೀಲು, ದೆಹಲೀಲಿ ಸೀಲು, ಚೀನಾ ಎಂಬೆಸಿ ಸೀಲು, ಆಮೇಲೆ ಅಲ್ಲಿ ಸಪ್ಲೈಯರ್ ಅರ್ಜಿ ಹಾಕಿ ಕಾಯೋದು. ಮಾಡೋದು ಸ್ಕೂಟರ್! ಆ ಕಡೆ ಅಮೆರಿಕದವ್ರು ಮಾತ್ರ ಜೂನಲ್ಲಿ ಲಂಡನ್ನಿಗೆ ಓಡಿ ಮ್ಯಾಗ್ನೆಟ್ ಬಗ್ಗೇನೇ ಕೂತು ಮಾತಾಡಿದ್ರು. ಕೈಯಲ್ಲಿ ಅಂಥದ್ದು ಒಂದು ಇದ್ದವನ ಜೊತೆ ಮಾತುಕತೆ, ಇಲ್ಲದವನಿಗೆ ನೋಟಿಸು.

ಆದ್ರೆ ಲಾಭ ಮಾಡ್ಕೊಂಡವ್ರೂ ಇದ್ದಾರಲ್ಲ, ವಿಯೆಟ್ನಾಂ ನೋಡಿ ಅಂತಾರೆ ಎಲ್ಲರೂ. ನಿಜ, 2018ರಿಂದ ಚೀನಾದಿಂದ ಹೊರಟ ಫ್ಯಾಕ್ಟರಿಗಳಲ್ಲಿ ಬಹಳಷ್ಟು ಅಲ್ಲಿಗೇ ಹೋದವು, ನಾವು ನೋಡ್ತಾ ಕೂತ್ವಿ. ಆದ್ರೆ ಆ ಲಾಭಕ್ಕೂ ಬಾಲ ಇದೆ. ವಿಯೆಟ್ನಾಂ ಅಮೆರಿಕಕ್ಕೆ ಮಾರಿದ್ದು ಹೆಚ್ಚಿದ ಹಾಗೆ ಚೀನಾದಿಂದ ತರಿಸಿದ್ದೂ ಹೆಚ್ಚಿತು, ಆಗ ಅಮೆರಿಕಕ್ಕೆ ಅನುಮಾನ, ಇದು ನಿಮ್ದೋ ಅಥವಾ ಚೀನಾದ್ದಕ್ಕೆ ನಿಮ್ಮ ಸ್ಟಿಕ್ಕರೋ ಅಂತ. 2025ರ ಜುಲೈ ಒಪ್ಪಂದದಲ್ಲಿ 20% ಜೊತೆಗೇ ಇನ್ನೊಂದು ಸಾಲು, ಬೇರೆ ದೇಶದ ಮಾಲನ್ನ ಸುತ್ತು ಹಾಕಿ ಕಳಿಸಿದ್ರೆ 40%. ಸರ್ಟಿಫಿಕೇಟ್ ಆಫ್ ಒರಿಜಿನ್ ಅನ್ನೋ ಒಂದು ಹಾಳೆ ನಮ್ಮ ಫೈಲುಗಳಲ್ಲಿ ಮೊದ್ಲು ಕೊನೇಲಿ ಎಲ್ಲೋ ಇರೋದು, ಈಗ ಅದೇ ಮೊದಲನೇ ಹಾಳೆ. ನಾವೇನು ಕಮ್ಮಿ ಇಲ್ಲ, 2020ರ ಸೆಪ್ಟೆಂಬರಿಂದ ನಮ್ಮ ಕಸ್ಟಮ್ಸ್ ಕೂಡ ಒಪ್ಪಂದದ ರಿಯಾಯಿತಿ ಬೇಕಾದ್ರೆ ಬರೀ ಸರ್ಟಿಫಿಕೇಟ್ ಸಾಲದು, ಕಚ್ಚಾ ಮಾಲು ಎಲ್ಲಿಂದ ಬಂತು, ಅಲ್ಲಿ ಏನು ಮಾಡಿದ್ರು ಅಂತ ಇಂಪೋರ್ಟರ್ ಹತ್ರಾನೇ ಮಾಹಿತಿ ಇರ್ಬೇಕು ಅಂತ ನಿಯಮ ಮಾಡಿದೆ. ಒಂದು ಪಾರ್ಟಿ ನನ್ನ ಕೇಳಿದ್ದ, "ಮಲೇಷ್ಯಾ ಸಪ್ಲೈಯರ್ ತನ್ನ ಕಾಸ್ಟಿಂಗ್ ಶೀಟ್ ನಂಗ್ಯಾಕೆ ಕೊಡ್ತಾನೆ ಮಾರಾಯ್ರೇ?" ಅಂತ. ಕೊಡಲ್ಲ. ಆದ್ರೂ ಕೇಳ್ಬೇಕು.

ಈಗ ಕೊನೇ ವಿಷಯಕ್ಕೆ ಬರ್ತೀನಿ, ಇದನ್ನ ಪಂಕ್ತೀಲಿ ಹೇಳಿದ್ರೆ ಊಟ ಕೆಡುತ್ತೆ. ನಾವು ಯಾವಾಗ್ಲೂ ನಮ್ಮನ್ನ ದೊಡ್ಡವ್ರ ಜಗಳದ ಪಕ್ಕ ನಿಂತ ಪಾಪದವ್ರು ಅಂದ್ಕೊಳ್ತೀವಿ. ಢಾಕಾದಿಂದ ನೋಡಿದ್ರೆ ದೊಡ್ಡವ್ರು ನಾವೇ. 2025ರ ಏಪ್ರಿಲ್ 8ಕ್ಕೆ, ಅಂದ್ರೆ ಟ್ರಂಪ್ ಬೋರ್ಡ್ ಹಿಡಿದು ವಾರ ಆಗೋದ್ರೊಳಗೆ, ಬಾಂಗ್ಲಾದ ರಫ್ತು ಮಾಲು ನಮ್ಮ ಏರ್‌ಪೋರ್ಟು ಬಂದರಿನ ಮೂಲಕ ಬೇರೆ ದೇಶಕ್ಕೆ ಹೋಗೋ ಸೌಲಭ್ಯ ನಾವು ನಿಲ್ಲಿಸಿದ್ವಿ. ಅವ್ರು ನಮ್ಮ ನೂಲು ಗಡಿ ರಸ್ತೇಲಿ ಬರೋದು ಬೇಡ ಅಂದ್ರು. ಮೇ 17ಕ್ಕೆ ನಾವು ಅವ್ರ ರೆಡಿಮೇಡ್ ಬಟ್ಟೆ ಗಡೀಲಿ ಬರೋಹಾಗಿಲ್ಲ, ಕೋಲ್ಕತ್ತಾ ಅಥವಾ ನ್ಹಾವಾ ಶೇವಾ ಬಂದರಿಗೆ ಮಾತ್ರ ಬರ್ಬೇಕು ಅಂದ್ವಿ. ಜೂನಲ್ಲಿ ಅವ್ರ ಸೆಣಬಿನ ಮಾಲಿಗೆ ನ್ಹಾವಾ ಶೇವಾ ಒಂದೇ. ಮ್ಯಾಪ್ ತೆಗೆದು ನೋಡಿ ಒಂದ್ಸಲ. ಪೆಟ್ರಾಪೋಲ್ ಗಡಿಯಿಂದ ಕೋಲ್ಕತ್ತಾ ಎರಡು ಮೂರು ಗಂಟೆ ದಾರಿ, ಆ ಸೆಣಬು ಈಗ ಚಿತ್ತಗಾಂಗ್‌ನಲ್ಲಿ ಹಡಗು ಹತ್ತಿ, ಶ್ರೀಲಂಕಾ ಸುತ್ತು ಹಾಕಿ, ನಮ್ಮ ಉರಣ್ ಪಕ್ಕದ ಬಂದರಿಗೆ ಬರ್ಬೇಕು. ಬಾಂಗ್ಲಾ ಬಟ್ಟೆಗೆ ಡ್ಯೂಟಿ ಆಗ್ಲೂ ಸೊನ್ನೆನೇ, ದರ ಒಂದು ಪೈಸೆ ಏರಿಸ್ಲಿಲ್ಲ ನಾವು, ದಾರಿ ಮಾತ್ರ ಉದ್ದ ಮಾಡಿದ್ವಿ. ನಮ್ಮ ಆಫೀಸಿಗೆ ಲಾಭಾನೇ ಆಯ್ತು ಅನ್ನಿ, ಮೊದ್ಲು ಗಡೀಲಿ ಯಾರೋ ಮಾಡ್ತಿದ್ದ ಜಾಬು ನಮ್ಮ ಟೇಬಲ್‌ಗೆ ಬಂತು.

ಚಿತ್ತಗಾಂಗ್‌ನ ಒಬ್ಬ ಫಾರ್ವರ್ಡರ್ (ಮಾಲು ಸಾಗಿಸೋ ಏಜೆಂಟ್) ಜೊತೆ ಈಗ ದಿನಾ ವಾಟ್ಸಾಪ್. ಅವನೂ ನನ್ನ ಹಾಗೇ, ಪಾರ್ಟಿ ಕೈಲಿ ಬೈಸ್ಕೊಳ್ಳೋನು. ದಾದಾ, ಗಡಿ ಯಾವಾಗ ತೆಗೀತಾರೆ ಅಂತ ಕೇಳ್ತಾನೆ, ನೋಟಿಫಿಕೇಷನ್ ಬರ್ಲಿ ನೋಡೋಣ ಅಂತೀನಿ. ಭಿವಂಡಿಯಲ್ಲಿ ಗೋಡೌನ್ ಇಟ್ಕೊಂಡಿರೋ ನಮ್ಮ ಒಂದು ಪಾರ್ಟಿ ಎರಡು ಸೀಸನ್ ಶರ್ಟನ್ನ ಹೀಗೇ ಹಡಗಲ್ಲಿ ತರಿಸಿದ, ಕೊಲಂಬೋದಲ್ಲಿ ಕನೆಕ್ಷನ್ ತಪ್ಪಿ ಮಾಲು ತಡ ಆಗಿ ದೀಪಾವಳಿ ಸೇಲ್ ಕೈಬಿಟ್ಹೋಯ್ತು. ಈಗ ಆ ಆರ್ಡರನ್ನ ತಿರುಪ್ಪೂರಿಗೆ ಕೊಟ್ಟಿದ್ದಾನೆ. ಮೊದ್ಲು ಅಲ್ಲಿನವ್ರು ಇಷ್ಟು ಸಣ್ಣ ಆರ್ಡರ್‌ಗೆ ಫೋನೇ ಎತ್ತುತ್ತಿರ್ಲಿಲ್ಲವಂತೆ, ಅಮೆರಿಕದ ಆರ್ಡರ್ ಹೋದ ಮೇಲೆ ಮಷೀನ್ ಖಾಲಿ ಕೂತಿವೆ, ಅವ್ರೇ ಸ್ಯಾಂಪಲ್ ಹಿಡ್ಕೊಂಡು ಭಿವಂಡಿಗೆ ಬಂದು, ಢಾಕಾ ರೇಟಿಗೆ ಹತ್ತಿರ ಹತ್ತಿರ ಕೊಟ್ಟು ಹೋದ್ರಂತೆ. ಹೊಲಿಗೆಯವ್ರಿಗೆ ಪೀಸಿಗೆ ಎಷ್ಟು ಇಳಿಸಿದ್ರು ಅಂತ ನಾನು ಕೇಳ್ದೆ, ಪಾರ್ಟಿ ಅದೆಲ್ಲ ನಂಗ್ಯಾಕೆ ಅಂದ.